ಜಗ್ಗಿದಷ್ಟು ದೂರ

ಗುಲ್ಬರ್ಗಾ, 4 ಜನವರಿ 1989, ಬುಧವಾರ

ಫಿಸಿಯಾಲಜಿ ಟೆಸ್ಟ್ ಮುಗಿಯಿತು, ಥ್ಯಾಂಕ್ ಗಾಡ್. ಮೂರನೆಯ ಪ್ರಶ್ನೆಯಾಗಿ ಸ್ಟಾರ್ಲಿಂಗ್ ನಿಯಮವೇ ಬಂದಿತ್ತು. ಹೃದಯದ ಸ್ನಾಯುವಿನ ಎಳೆ, ಒಂದು ಮಿತಿಯೊಳಗೆ, ಎಷ್ಟು ಹಿಗ್ಗುತ್ತದೋ ಅಷ್ಟೇ ಬಲವಾಗಿ ಕುಗ್ಗುತ್ತದೆ. ಟೆಕ್ಸ್ಟ್‌ಬುಕ್ಕಿನಲ್ಲಿ ಇದ್ದದ್ದನ್ನು ಕಾಮಾ, ಫುಲ್‌ಸ್ಟಾಪ್ ಸಮೇತ ಇಂಗ್ಲಿಷಿನಲ್ಲಿ ಇಳಿಸಿ ಬಂದೆ. ಟೆಸ್ಟಿಗೆ ಮುಂಚೆ ಮೆಸ್ಸಿನಲ್ಲಿ ಶಮಶಾದ ಅದರ ಅರ್ಥ ಕೇಳುತ್ತಿದ್ದಳು. ನನ್ನ ರೂಮ್‌ಮೇಟ್, ಜೇವರ್ಗಿಯವಳು, ಉರ್ದು ಮೀಡಿಯಮ್ಮಿನಿಂದ ಬಂದವಳು. ಅವಳಿಗೆ ಪ್ರತಿಯೊಂದಕ್ಕೂ ಅರ್ಥ ಬೇಕು. ಅರ್ಥ ಕೇಳಬೇಡ, ಇದ್ದ ಹಾಗೇ ಬರಿ, ಮಾರ್ಕ್ಸ್ ಬರುತ್ತೆ ಅಂದೆ. ಐದನೆಯ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ನನ್ನನ್ನು ಪಾಸು ಮಾಡಿಸುತ್ತ ಬಂದ ಮಂತ್ರ ಅದೊಂದೇ.

ಡಿಸೆಕ್ಷನ್ ಹಾಲಿನಲ್ಲಿ ಆ ಮಂತ್ರ ನಡೆಯುವುದಿಲ್ಲ. ನಮ್ಮ ಟೇಬಲ್ಲಿನ ಬಾಡಿಯ ಎದೆ ಈ ವಾರ ತೆರೆದಿದ್ದಾರೆ. ಹೃದಯ ನನ್ನ ಎರಡು ಮುಷ್ಟಿಗಿಂತ ದೊಡ್ಡದು, ತೇವದ ಚೀಲದ ಹಾಗೆ ಜೋತುಬಿದ್ದಿದೆ. ಹಿಗ್ಗಿದ ಹೃದಯ ಎಂದರೆ ಕೈಚೆಲ್ಲಿದ ಹೃದಯ, ನೋಡಿಕೊಳ್ಳಿ ಅಂದರು ಡೆಮಾನ್‌ಸ್ಟ್ರೇಟರ್. ನಾನು ಫೋರ್ಸೆಪ್ಸಿನ ತುದಿಯಿಂದ ಮುಟ್ಟಿದೆ. ಫೋರ್ಸೆಪ್ಸ್ ಕೈಯಿಂದ ಜಾರಿ ಬಿತ್ತು. ಹಿಂದಿನ ಟೇಬಲ್ಲಿನ ಹುಡುಗರು ನಕ್ಕರು. ನಾನು ಡಾಕ್ಟರ್ ಆಗುವವಳಲ್ಲ ಅನ್ನಿಸುತ್ತೆ, ಯಾರಿಗೂ ಹೇಳಿಲ್ಲ.

ನಿಂಬರ್ಗಾ, 8 ಜನವರಿ, ರವಿವಾರ

ನಿನ್ನೆ ಎಳ್ಳಮಾವಾಸ್ಯೆ. ಅಕ್ಕ ಹಟ ಹಿಡಿದು ತನ್ನ ಗಂಡನ ಮನೆಗೆ ಕರೆಸಿಕೊಂಡಳು. ಅವ್ವ ಸತ್ತಾಗ ನನಗೆ ಮೂರು, ಅಕ್ಕನಿಗೆ ಹತ್ತು. ನಮ್ಮ ಇಜೇರಿಯ ಮನೆಯಲ್ಲಿ ನನ್ನ ಜಡೆ ಹೆಣೆದವಳು, ಹಾಸ್ಟೆಲಿಗೆ ಟ್ರಂಕು ತುಂಬಿದವಳು ಅವಳೇ. ನನಗಾಗಿ ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟಳು. ಅವಳಿಗೆ ಮಕ್ಕಳಾಗಿಲ್ಲ. ಯಾರಾದರೂ ಆ ಮಾತು ತೆಗೆದರೆ, ಒಂದು ಹಡೀದೇನ ಸಾಕೇನಿ, ಅದ ಸಾಕಾಗ್ಯಾದ ಅನ್ನುತ್ತಾಳೆ.

ಎಲ್ಲರೂ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿದ್ದೆವು. ಭಜ್ಜಿ, ಸಜ್ಜೆ ರೊಟ್ಟಿ, ಕಡುಬು. ಉಣ್ಣುವ ಮೊದಲು ಅಕ್ಕನ ಗಂಡ ಚಂದ್ರಾಮಪ್ಪ ಮಾಮಾ ಎಡೆಯ ಚರಗ ಚೆಲ್ಲುತ್ತ ಹೊಲ ಸುತ್ತಿದರು, ಹಿಂದೆ ಅಕ್ಕ ತಂಬಿಗೆಯಿಂದ ನೀರು ಬಿಡುತ್ತ ನಡೆದಳು. ಭೂಮಿತಾಯಿಗೆ ಉಣಿಸುವಾಗ ಬರಿಗಾಲಲ್ಲೇ ಇರಬೇಕಂತೆ. ನಾನು ಬದುವಿನ ಮೇಲೆ ಸ್ಯಾಂಡಲ್ ಹಾಕಿಕೊಂಡು ನಿಂತಿದ್ದೆ. ನಮ್ಮ ಡಾಕ್ಟರ್ ಬಾಯಾರ ಕಾಲು ಭೂಮಿಗೆ ಹತ್ತಂಗಿಲ್ಲ ನೋಡ್ರಿ ಎಂದು ಅಕ್ಕ ಅಲ್ಲಿಂದಲೇ ಕೂಗಿದಳು. ಅಕ್ಕಪಕ್ಕದ ಹೊಲದವರೆಲ್ಲ ತಿರುಗಿ ನೋಡಿದರು. ಶೇಮ್ ಆಯಿತು. ಅವಳಿಗೆ ಮೆಲ್ಲಗೆ ಮಾತಾಡುವುದೇ ಗೊತ್ತಿಲ್ಲ.

ಮೇಲ್ಗಡೆಯ ತೊಗರಿ ಆಗಲೇ ಕೊಯ್ದಿತ್ತು. ಕುಡಗೋಲಿನಿಂದ ಓರೆಯಾಗಿ ಕೊಯ್ದ ಕೂಳೆ ಮೊಳೆಯ ಹಾಗೆ ನಿಂತಿರುತ್ತದೆ. ಅಂಥದೊಂದು ಅಕ್ಕನ ಅಂಗಾಲಿಗೆ ನೆಟ್ಟಿತು. ಸುತ್ತು ಪೂರಾ ಮಾಡಿಯೇ ಬಂದು ಕುಳಿತಳು. ಅವಳ ಅತ್ತೆ ಗಂಗಾಬಾಯಿ ಸುಣ್ಣ ಬೆಲ್ಲ ಕಲಸಿ, ಗಾಯದ ಬಾಯಿಗೆ ಗಟ್ಟಿಯಾಗಿ ಮೆತ್ತಿ, ಬಟ್ಟೆ ಕಟ್ಟಿದರು. ಒಳಗೆ ಏನೇ ಉಳಿದಿದ್ದರೂ ಅದು ಹೊರಗೆ ಎಳೆಯುತ್ತದಂತೆ. ಟಿಟಿ ಇಂಜೆಕ್ಷನ್ ತೆಗೆದುಕೋ ಅಂದೆ.

"ಮುಳ್ಳ ನೆಟ್ಟದ್ದಕ್ಕ ಮತ್ತ ಸೂಜಿ ನೆಟ್ಟಿಸ್ಕೋಬೇಕೇನ ಬೇ? ಇದೆಂಥ ಶಾಲಿ ನಿಂದು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅಕ್ಕ ಹಳೆಯದೆಲ್ಲ ತೆಗೆದಳು. ಇಜೇರಿಯಲ್ಲಿ ಕವಲುಕಟ್ಟಿಗೆಗೆ ಸೈಕಲ್ ಟ್ಯೂಬು ಕಟ್ಟಿ ಹುಣಸೆಕಾಯಿಗೆ ಕಲ್ಲು ಹೊಡೆಯುತ್ತಿದ್ದೆವು. ನನ್ನ ಕಲ್ಲು ಕಾಲ ಬಳಿಯೇ ಬೀಳುತ್ತಿತ್ತು. ಟ್ಯೂಬು ಹರಿದೀತು ಎಂದು ಅಂಜುತ್ತಿದ್ದಿ, ಹಿಂದಕ್ಕೆ ಜಗ್ಗು, ಜಗ್ಗಿದಷ್ಟು ದೂರ ಹೋಗ್ತದ ಎಂದು ಸಾವಿರ ಸಲ ಹೇಳಿದರೂ ಕೇಳಲಿಲ್ಲ ಎಂದಳು. ಕುಂಟುತ್ತ ಬಂದು ಬಸ್ಸಿಗೆ ಹತ್ತಿಸಿದಳು.

ಗುಲ್ಬರ್ಗಾ, 15 ಜನವರಿ, ರವಿವಾರ

ಅಪ್ಪ ಹಾಸ್ಟೆಲಿಗೆ ಬಂದಿದ್ದಾನೆ. ವಾರ್ಡನ್ನಿನ ರೂಮಿನಲ್ಲಿ ಕುರ್ಚಿಯ ತುದಿಗೆ ಕುಳಿತು, ಟವೆಲ್ ಮಡಚುತ್ತ ಬಿಚ್ಚುತ್ತ ಇದ್ದ. ಅಕ್ಕನಿಗೆ ಜ್ವರ. ಕಾಲು ಮೊಣಕಾಲಿನವರೆಗೆ ಬಾತಿದೆ. ಅಫಜಲಪುರದ ದವಾಖಾನೆಯವರು ಇಂಜೆಕ್ಷನ್ ಕೊಟ್ಟು, ನಮ್ಮ ಕೈಯಲ್ಲಿ ಆಗುವುದಿಲ್ಲ ಎಂದು ಸೊಲ್ಲಾಪುರಕ್ಕೆ ಕಳಿಸಿದ್ದಾರೆ.

"ನೀ ಬಂದ್ರ ಡಾಕ್ಟರ್ ಜೋಡಿ ಮಾತಾಡಾಕ ಆಗ್ತದ. ನಮಗೇನ ತಿಳೀತದ" ಅಂದ.

ಗುರುವಾರ ಅಪ್ಪರ್ ಲಿಂಬ್ ವೈವಾ ಇದೆ. ರಜೆಯನ್ನೂ ಕೇಳಲಿಲ್ಲ, ಹೊರಟೆ. ಶಮಶಾದ ತನ್ನ ಸ್ವೆಟರ್ ನನ್ನ ಬ್ಯಾಗಿನಲ್ಲಿ ತುರುಕಿದಳು.

ಸೊಲ್ಲಾಪುರ, 16 ಜನವರಿ, ಸೋಮವಾರ

ಗುರುತೇ ಸಿಗಲಿಲ್ಲ. ತುಟಿ ಒಡೆದಿವೆ, ಉಸಿರು ಮೇಲೆ ಮೇಲೆ. ನಾಡಿ ಮುಟ್ಟಿ ನೋಡಿದರೆ ಎಣಿಸಲಾಗದಷ್ಟು ಓಡುತ್ತಿದೆ. ಸರ್ಜನ್ ಅಂಗಾಲು ಕೊಯ್ದು ಕೀವು ತೆಗೆದಿದ್ದಾರೆ. ಒಳಗೆ ಅರ್ಧ ಬೆರಳುದ್ದದ ಕೂಳೆಯ ಚೂರು ಸಿಕ್ಕಿತಂತೆ. ಸುಣ್ಣ ಬೆಲ್ಲ ಮೇಲಿನ ಬಾಯಿ ಮುಚ್ಚಿಬಿಟ್ಟಿತ್ತು, ಕೀವು ಒಳಗೊಳಗೇ ರಕ್ತಕ್ಕೆ ಇಳಿಯಿತು. ಸೆಪ್ಟಿಸೀಮಿಯಾ. ಗಂಗಾಬಾಯಿ ಆ ಚೂರನ್ನು ಕಾಗದದಲ್ಲಿ ಕಟ್ಟಿ ಇಟ್ಟುಕೊಂಡಿದ್ದಾರೆ, ಬಂದವರಿಗೆಲ್ಲ ತೋರಿಸುತ್ತಾರೆ, ತೋರಿಸಿ ಅಳುತ್ತಾರೆ.

ಕೈ ಬೆಚ್ಚಗಿವೆ ಎಂದು ಅಪ್ಪ ಧೈರ್ಯ ತಂದುಕೊಂಡ. ಅದು ಒಳ್ಳೆಯ ಲಕ್ಷಣವಲ್ಲ ಅಂದರು ಇಲ್ಲಿಯ ಡಾಕ್ಟರು. ರಕ್ತನಾಳಗಳೆಲ್ಲ ಸಡಿಲಾಗಿ ಬಿಪಿ ಕೆಳಗಿಳಿದಿದೆ. ಬಾಟಲಿ ಮೇಲೆ ಬಾಟಲಿ ಏರಿಸಿದರೂ ನಿಲ್ಲುತ್ತಿಲ್ಲ. ಬಿಪಿ ಏರಿಸಲು ಡೋಪಮೀನ್ ಶುರು ಮಾಡಿದ್ದಾರೆ. ಮೂತ್ರದ ಚೀಲ ಖಾಲಿ. ಅವರು ನನ್ನ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ಮೆಡಿಕಲ್ ಸ್ಟೂಡೆಂಟ್ ಎಂದು ತಿಳಿದಾಗಿನಿಂದ ಇನ್ನೂ ಬೇಗ ಬೇಗ. ನಾನು ಯೆಸ್ ಸರ್ ಅನ್ನುತ್ತೇನೆ. ಅರ್ಧ ತಿಳಿಯುತ್ತದೆ.

17 ಜನವರಿ, ಮಂಗಳವಾರ

ಇಕೋ ಮಾಡಿದರು. ಆ ಮೆಷಿನ್ ಇಲ್ಲಿಗೆ ಹೊಸದು. ಅಕ್ಕನನ್ನು ಸ್ಟ್ರೆಚರಿನ ಮೇಲೆ ಒಯ್ದೆವು. ಕೊರಳಲ್ಲಿದ್ದ ಲಿಂಗ ತೆಗೆಯಿರಿ ಎಂದು ಅಲ್ಲಿದ್ದವನು ಹೇಳಿದ್ದೇ ತಡ, ಅಕ್ಕ ಕಣ್ಣು ಬಿಡದೆಯೇ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಇರಲಿ ಬಿಡು ಎಂದ ಡಾಕ್ಟರು ಮುಷ್ಟಿಯ ಸಮೇತ ಭುಜದ ಕಡೆಗೆ ಸರಿಸಿದರು.

ಬೂದುಬಣ್ಣದ ಪರದೆಯ ಮೇಲೆ ನನ್ನ ಅಕ್ಕನ ಹೃದಯ. ಎಡಗಡೆಯ ಕೋಣೆ ದೊಡ್ಡದಾಗಿ ಹಿಗ್ಗಿದೆ. ಗೋಡೆಗಳು ಒಂದಕ್ಕೊಂದು ಹತ್ತಿರ ಬರುವುದೇ ಇಲ್ಲ, ಸುಮ್ಮನೆ ಅದುರುತ್ತವೆ. ತುಂಬಿದ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಪ್ರತಿ ಬಡಿತಕ್ಕೂ ಹೊರಗೆ ನೂಕಬೇಕು. ಅಕ್ಕನದು ಕಾಲು ಭಾಗವನ್ನೂ ನೂಕುತ್ತಿಲ್ಲ. ನಮ್ಮ ಟೇಬಲ್ಲಿನ ಬಾಡಿಯ ಹೃದಯ ಕಣ್ಣ ಮುಂದೆ ಬಂತು. ಅದೇ ಆಕಾರ, ಅದೇ ಜೋತುಬಿದ್ದ ಚೀಲ.

ಡಾಕ್ಟರು ಬಹಳ ಹೊತ್ತು ತಿಳಿಸಿ ಹೇಳಿದರು. ಹೃದಯಕ್ಕೆ ಗಾಯವಾಗಿಲ್ಲ, ಅದರ ರಕ್ತನಾಳ ಕಟ್ಟಿಲ್ಲ, ಸ್ನಾಯು ಸತ್ತಿಲ್ಲ. ರಕ್ತದಲ್ಲಿರುವ ವಿಷ ಸ್ನಾಯುವಿಗೆ ಮಂಕು ಕವಿಸಿದೆ. ಇಂಥ ರೋಗಿಗಳಲ್ಲಿ ಹೃದಯ ಹೀಗೆ ಹಿಗ್ಗಿದವರೇ ಉಳಿಯುತ್ತಾರೆ, ಹಿಗ್ಗದವರು ಹೋಗುತ್ತಾರೆ ಎಂದು ಅಮೆರಿಕದವರು ಮೊನ್ನೆ ಮೊನ್ನೆ ಬರೆದಿದ್ದಾರೆ, ನಾನೂ ಎರಡು ಮೂರು ರೋಗಿಗಳಲ್ಲಿ ಕಂಡಿದ್ದೇನೆ ಎಂದರು. ವಾರ ಹತ್ತು ದಿನ ದಾಟಿಸಿದರೆ ಮೊದಲಿನ ಅಳತೆಗೆ ಮರಳಬಹುದು, ಭರವಸೆ ಕೊಡಲಾರೆ ಅಂದರು. ಕೊನೆಗೆ ಕನ್ನಡದಲ್ಲಿ, "ನಿಮ್ಮ ಮಂದಿಗೆ ನೀನೇ ತಿಳಿಸಿ ಹೇಳವ್ವ. ನನ್ನ ಕನ್ನಡ ಅರ್ಧ, ಅವರ ಮರಾಠಿ ಅರ್ಧ" ಅಂದರು.

ಡಾಕ್ಟರುಗಳು ಹೀಗೆ ಸಮಾಧಾನ ಹೇಳುತ್ತಾರೆ. ಹಿಗ್ಗುವುದು ಒಳ್ಳೆಯದಾಗುವುದು ಹೇಗೆ? ನಾನು ಕಣ್ಣಾರೆ ನೋಡಿದ್ದೇನೆ.

ವರಾಂಡದಲ್ಲಿ ಎಲ್ಲರೂ ಎದ್ದು ನಿಂತರು. ಹೃದಯ ಹಿಗ್ಗಿದೆ, ಪಂಪು ಕಾಲು ಭಾಗವೂ ನಡೆಯುತ್ತಿಲ್ಲ ಅಂದೆ. ಮುಂದಿನದು ಬಾಯಿಗೆ ಬರಲಿಲ್ಲ. ಸುಳ್ಳು ಆಸೆ ತೋರಿಸಬಾರದು. ಚಂದ್ರಾಮಪ್ಪ ಮಾಮಾ, "ಮತ್ತೇನಂದ್ರು?" ಎಂದು ಕೇಳಿದರು. ನೋಡೋಣ ಅಂದ್ರು ಅಂದೆ.

18 ಜನವರಿ, ಬುಧವಾರ

ಬೆಳಿಗ್ಗೆಯಿಂದ ಗಂಗಾಬಾಯಿ ಒಂದೇ ಮಾತು ಹಿಡಿದಿದ್ದಾರೆ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಬಂದಾಗಿನಿಂದ ಮಂಚದ ಕಾಲ ಬಳಿ ಕುಳಿತು ಸೊಸೆಯ ಒಳ್ಳೆಯ ಕಾಲನ್ನು ತಿಕ್ಕುತ್ತಲೇ ಇದ್ದಾರೆ, ಉಂಡದ್ದು ನೋಡಿಲ್ಲ.

"ಹೊರಗ ಜೀವ ಹೋದ್ರ ಊರ ಅಗಸಿ ಬಾಗಲಾ ಒಳಗ ತರಾಕ ಬಿಡಾಂಗಿಲ್ಲ. ನನ್ನ ಸೊಸಿ ತನ್ನ ಮನಿ ನಡುಮನ್ಯಾಗ ಕೂಡಬೇಕ, ಪರದೇಸಿಗತೆ ಊರ ಹೊರಗ ಅಲ್ಲ. ಉಸರ ಇರೂತನಾ ಒಯ್ಯೂಣು. ಅಯ್ನೋರ ಕೈಲೆ ಇಬೂತಿ ಬೀಳಲಿ."

ಚಂದ್ರಾಮಪ್ಪ ಮಾಮಾ ಒಪ್ಪಲಿಲ್ಲ. ಅಪ್ಪ ನನ್ನ ಮುಖ ನೋಡಿದ. ಆಮೇಲೆ ಎಲ್ಲರೂ ನನ್ನ ಮುಖವನ್ನೇ ನೋಡಿದರು. ಓದಿದಾಕಿ ನೀ ಹೇಳವ್ವ ಅಂದರು ಮಾಮಾ, ಏಳ್ತಾಳಂದ್ರ ಎತ್ತು ಮಾರಿ ಕೂಡತೇನಿ ಇಲ್ಲೇ. ಗೊತ್ತಿಲ್ಲ ಅಂದೆ. ಅದು ನಿಜವೇ ತಾನೆ, ನನಗೆ ಗೊತ್ತಿಲ್ಲ. ಫಸ್ಟ್ ಇಯರ್ ಹುಡುಗಿಗೆ ಏನು ಗೊತ್ತಿರುತ್ತದೆ?

ಮಧ್ಯಾಹ್ನ ಅಕ್ಕ ಕಣ್ಣು ಬಿಟ್ಟಳು. ಮಾತು ಸ್ಪಷ್ಟವಿತ್ತು, ದನಿ ಮಾತ್ರ ಬಾವಿಯೊಳಗಿಂದ ಬಂದ ಹಾಗೆ. ಮೊದಲು ನನ್ನ ಜಡೆ ನೋಡಿ, ಎಣ್ಣಿ ಹಚ್ಚಿಲ್ಲೇನ ಅಂದಳು. ಆಮೇಲೆ ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೇಳಿದಳು.

"ನೀಲಾ, ಖರೇ ಹೇಳು. ನಾ ಏಳ್ತೇನೇನು?"

ಏಳ್ತಿ ಅನ್ನಬೇಕಿತ್ತು. ಪರದೆಯ ಮೇಲೆ ಕಂಡದ್ದು ಕಣ್ಣ ಮುಂದೆಯೇ ಇತ್ತು. ಸಲಾಯಿನ್ನಿನ ಹನಿ ಬೀಳುವುದನ್ನು ನೋಡಿದೆ. ಅಕ್ಕ ನನ್ನನ್ನು ನೋಡುತ್ತಲೇ ಇದ್ದಳು. ಸಣ್ಣವಳಿದ್ದಾಗ ಜ್ವರ ಬಂದಿದೆಯೋ ಇಲ್ಲವೋ ಎಂದು ನನ್ನ ಮುಖ ನೋಡಿಯೇ ಹೇಳುತ್ತಿದ್ದಳು.

"ಆತು ಬಿಡು. ಮನಿಗೆ ಒಯ್ಯಂತ ಹೇಳು ನಿಮ್ಮ ಮಾಮಾಗ. ಅತ್ತಿ ಉಣ್ಣವಲ್ಲಳು."

ಹೋಗಿ ಹೇಳಿದೆ. ಮಾಮಾ ಅಲ್ಲೇ ಕಂಬಕ್ಕೆ ಒರಗಿ ಕುಳಿತುಬಿಟ್ಟರು. ಆಕಿನ ಅಂದಳೇನು ಎಂದು ಎರಡು ಸಲ ಕೇಳಿದರು.

ನಿಂಬರ್ಗಾ, 19 ಜನವರಿ, ಗುರುವಾರ

ಡಾಕ್ಟರು ಸಿಟ್ಟಾದರು. ನೀನು ಇವರಿಗೆ ಹೇಳಿದೆಯೋ ಇಲ್ಲವೋ ಎಂದು ನನ್ನನ್ನು ಕೇಳಿದರು. ಹೇಳಿದ್ದೇನೆ ಸರ್ ಅಂದೆ. ಅವಳೇ ಬೇಡ ಅನ್ನುತ್ತಿದ್ದಾಳೆ ಅಂದೆ. ಬೆರಳಿನಿಂದ ಕಣ್ಣು ಒತ್ತಿಕೊಂಡರು. ನಾಳೆ ಇನ್ನೊಮ್ಮೆ ಇಕೋ ಮಾಡಬೇಕೆಂದಿದ್ದೆ ಅಂದರು.

ಟ್ಯೂಬುಗಳನ್ನು ತೆಗೆದ ನರ್ಸ್ ಅಕ್ಕಲಕೋಟದ ಕಡೆಯವರು, ಕನ್ನಡದವರು. ಮೂತ್ರದ ಚೀಲ ಎತ್ತಿ ಹಿಡಿದು, ಇವತ್ತ ಛಲೋ ಬಂದಾದಲ್ಲ ಅಂದರು. ನಿಜ, ಮೊನ್ನೆಗಿಂತ ಜಾಸ್ತಿ ಇತ್ತು. ಜ್ವರವೂ ಇಳಿದಿತ್ತು. ನಾಡಿ ಎಣಿಸಲು ಬರುತ್ತಿತ್ತು. ಇದೆಲ್ಲ ಕೊನೆಯ ಬೆಳಕು, ಆರುವ ಮೊದಲು ದೀಪ ಉರಿಯುತ್ತದಲ್ಲ, ಹಾಗೆ.

ಜೀಪಿನಲ್ಲಿ ತಲೆ ನನ್ನ ತೊಡೆಯ ಮೇಲಿತ್ತು. ಮೊದಮೊದಲು ಮಾತಾಡುತ್ತಿದ್ದಳು. ಹೊಲದಲ್ಲಿ ತೊಗರಿ ಎಲ್ಲ ಕೊಯ್ದರೇನು ಎಂದು ಕೇಳಿದಳು. ಕೊಯ್ದಿದ್ದರು, ಎರಡೂ ಕಡೆ ಬರೀ ಕೂಳೆ. ಇಲ್ಲ, ಹಸಿರಿದೆ ಅಂದೆ. ಆ ಸುಳ್ಳು ಎಷ್ಟು ಸಲೀಸಾಗಿ ಬಂತು. ಅಕ್ಕಲಕೋಟ ದಾಟಿದ ಮೇಲೆ ಕೈ ತಣ್ಣಗಾಗತೊಡಗಿತು. ಡೋಪಮೀನ್ ನಿಂತಿತ್ತಲ್ಲ. ಶಮಶಾದಳ ಸ್ವೆಟರಿನಲ್ಲಿ ಎರಡೂ ಕೈ ಸುತ್ತಿದೆ.

ಅಗಸಿ ಒಳಗೆ ಬಂದಾಗ ಉಸಿರಿತ್ತು. ಗಂಗಾಬಾಯಿ ನೆಲ ಮುಟ್ಟಿ ನಮಸ್ಕಾರ ಮಾಡಿದರು.

20 ಜನವರಿ

ಅಕ್ಕ ಹೋದಳು. ಬೆಳಿಗ್ಗೆ, ನಡುಮನೆಯಲ್ಲಿ.

23 ಜನವರಿ, ಸೋಮವಾರ

ಅಕ್ಕನನ್ನು ಕೂರಿಸಿದ್ದರು. ಗೋಡೆಗೆ ಒರಗಿಸಿ, ಹಣೆತುಂಬ ವಿಭೂತಿ ಬಳಿದು, ಹೂ ಮುಡಿಸಿ. ಎಡಗೈಯಲ್ಲಿ ಲಿಂಗ. ಮಣ್ಣಿಗಿಡುವ ಕುಣಿಯಲ್ಲೂ ಹಾಗೆಯೇ ಕೂರಿಸಿದರು. ಕಾಲು ಮಡಿಸುವಾಗ ಕಟ್ಟು ಹಾಕಿದ ಪಾದ ಮಡಿಯಲಿಲ್ಲ. ಯಾರೋ ಗಂಡಸರು ಒತ್ತಿದರು. ನೋಯುತ್ತದೆ, ಮೆಲ್ಲಗೆ ಅಂದೆ ನಾನು.

ಗಂಗಾಬಾಯಿ ಮೂರು ದಿನದಿಂದ ಬಂದವರಿಗೆಲ್ಲ ಹೇಳುತ್ತಿದ್ದಾರೆ, ನಮ್ಮ ನೀಲಾ ಇದ್ದದ್ದಕ್ಕ ಆಕಿ ಮನಿ ಮುಟ್ಟಿದಳು, ಇಲ್ಲಂದ್ರ ದವಾಖಾನಿಯವರು ಬಿಡತಿದ್ದಿಲ್ಲ ಎಂದು. ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಳ್ಳುತ್ತಾರೆ. ಮಾಮಾ ಮಾತ್ರ ಹೊಲಕ್ಕೆ ಹೋಗಿ ಬೆಳಗಿನಿಂದ ಸಂಜೆಯವರೆಗೆ ಕೂಳೆ ಕೀಳುತ್ತಾರೆ. ಇಂದು ಬುತ್ತಿ ಒಯ್ದೆ. ಒಂದೊಂದಾಗಿ ಬೇರುಸಮೇತ ಕಿತ್ತು ಗುಡ್ಡೆ ಹಾಕುತ್ತಿದ್ದರು. ಅಂಗೈ ಹರಿದು ರಕ್ತ ಬಂದಿತ್ತು. ಕುಡಿಯಲು ಒಯ್ದ ನೀರಿನಿಂದ ತೊಳೆದು ಪಟ್ಟಿ ಕಟ್ಟಿದೆ. ಮಾಮಾ ಕೈ ಚಾಚಿ ಕುಳಿತಿದ್ದರು.

"ಆ ಡಾಕ್ಟರ್ ಮತ್ತೇನೂ ಅಂದಿದ್ದಿಲ್ಲೇನವ್ವ?"

ಇಲ್ಲ ಮಾಮಾ ಅಂದೆ.

ಬದುವಿನ ಮೇಲೆ ಚಪ್ಪಲಿ ಬಿಟ್ಟಿದ್ದೆ ಎಂದು ಮನೆಗೆ ಬಂದ ಮೇಲೆ ನೆನಪಾಯಿತು.

ಗುಲ್ಬರ್ಗಾ, 2 ಫೆಬ್ರುವರಿ, ಗುರುವಾರ

ಅಪ್ಪ ತಂದು ಬಿಟ್ಟು ಹೋದ. ಓದು, ಆಕಿ ಆಸೆ ಅದ ಇತ್ತು ಅಂದ. ಟವೆಲ್ ಮರೆತು ಹೋಗಿದ್ದಾನೆ.

ಟೆಸ್ಟಿನ ಪೇಪರು ಕೊಟ್ಟರು. ಸ್ಟಾರ್ಲಿಂಗ್ ನಿಯಮಕ್ಕೆ ಐದಕ್ಕೆ ಐದು. ಇಡೀ ಬ್ಯಾಚಿನಲ್ಲಿ ನನಗೊಬ್ಬಳಿಗೇ. ಮೇಷ್ಟ್ರು ನನ್ನ ಉತ್ತರವನ್ನು ಕ್ಲಾಸಿಗೆ ಓದಿ ಹೇಳಿದರು. ನಾನು ಎದ್ದು ನಿಂತಿದ್ದೆ. ಹಿಗ್ಗಿದಷ್ಟೂ ಬಲವಾಗಿ ಎಂಬಲ್ಲಿ ಅವರ ದನಿ ಸ್ವಲ್ಪ ಏರಿತು. ಕುಳಿತುಕೋ ಎಂದದ್ದು ನನಗೆ ಕೇಳಿಸಲಿಲ್ಲ, ಶಮಶಾದ ಸೆರಗು ಜಗ್ಗಿ ಕೂರಿಸಿದಳು.

ಆ ಸೊಲ್ಲಾಪುರದ ಡಾಕ್ಟರು ಹೇಳಿದ್ದೂ ಇದೇ.

ಬರೆಯಲಾಗುತ್ತಿಲ್ಲ.

9 ಫೆಬ್ರುವರಿ, ಗುರುವಾರ

ಹೃದಯವನ್ನು ಎದೆಯಿಂದ ಹೊರಗೆ ತೆಗೆದು ಕೋಣೆಗಳನ್ನು ತೆರೆಯುವ ದಿನ. ಎಲ್ಲರೂ ಹಿಂದೆ ಸರಿದರು. ಎರಡೂ ಕೈಯಲ್ಲಿ ಎತ್ತಿಕೊಂಡೆ. ತಣ್ಣಗಿತ್ತು. ಎಡಗಡೆಯ ಕೋಣೆ ಕೊಯ್ದು ಒಳಗೆ ಬೆರಳಿಟ್ಟು ಗೋಡೆಯ ಉದ್ದಕ್ಕೂ ಸವರಿದೆ. ಇದು ಯಾರದೋ, ಎಷ್ಟು ವರ್ಷದಲ್ಲಿ ಹೀಗಾಯಿತೋ. ಅಕ್ಕನದು ಒಂದು ವಾರದ್ದು. ಎರಡನ್ನೂ ಒಂದೇ ಎಂದುಕೊಂಡೆ. ಇವತ್ತೇನು ನೀನು ಕೈ ಬಿಡಲೊಲ್ಲೆ ಎಂದು ಡೆಮಾನ್‌ಸ್ಟ್ರೇಟರ್ ಕೇಳಿದರು.

ಸಂಜೆ ಬಟ್ಟೆ ಒಣಹಾಕುತ್ತಿದ್ದಾಗ ಶಮಶಾದ ಪುಸ್ತಕ ಹಿಡಿದು ಬಂದಳು. ಅವಳಿಗೆ ಮರುಪರೀಕ್ಷೆ. ನನ್ನ ಮುಖ ನೋಡಿ ತಿರುಗಿ ಹೊರಟಿದ್ದಳು, ನಾನೇ ಕರೆದೆ. ಹಳೆಯದೇ ಪ್ರಶ್ನೆ. ಅರ್ಥ ಬೇಕು.

ಒಗೆದ ಲಂಗದ ಎಲಾಸ್ಟಿಕ್ ಅವಳ ಕೈಗೆ ಕೊಟ್ಟು, ಹಿಡಿ ಅಂದೆ.

"ಅಂಜಬ್ಯಾಡ, ಹರಿಯಂಗಿಲ್ಲ. ಹಿಂದ ಜಗ್ಗು. ಜಗ್ಗಿದಷ್ಟು ದೂರ ಹೋಗ್ತದ. ಹೃದಯನೂ ಹಂಗ. ಶಕ್ತಿ ಕಡಿಮಿ ಆದಾಗ ಅದು ಹಿಗ್ತದ, ಹೆಚ್ಚ ರಕ್ತ ತುಂಬಕೋತದ, ಸಣ್ಣಗ ಹಿಂಡಿದ್ರೂ ಸಾಕಾಗೋವಷ್ಟು ಕಳಸ್ತದ. ಎಲ್ಲಾ ಸಲ ಹಿಗ್ಗೂದಂದ್ರ ಸಾಯೂದಲ್ಲ. ಒಮ್ಮೊಮ್ಮೆ ಉಳ್ಯಾಕ ಹಿಗ್ತದ. ಆವಾಗ ಕಾಯಬೇಕ, ಅಷ್ಟ."

ಶಮಶಾದ ಎಲಾಸ್ಟಿಕ್ ಜಗ್ಗಿದಳು, ಬಿಟ್ಟಳು, ಮತ್ತೆ ಜಗ್ಗಿದಳು. ಮುಖ ಅರಳಿತು.

"ಈಗ ತಿಳೀತು ನೋಡು. ಮೊದಲ ಹಿಂಗ ಹೇಳಬೇಕಿತ್ತಲ್ಲ ನೀಲಾ."